ಎಕ್ಸ್‌ರೇಯಲ್ಲಿ ಕಾಣದ ಬೆರಳು

ಮುಂಬೈಯಲ್ಲಿ ಮಳೆಗಾಲದ ಕ್ರಿಕೆಟ್ ಅಂದರೆ ಕಾಂಗಾ ಲೀಗ್. 1948ರಿಂದ ನಡೆದುಕೊಂಡು ಬಂದಿದೆ. ಒದ್ದೆ ಪಿಚ್, ಜಾರುವ ಚೆಂಡು. ಆಜಾದ್ ಮೈದಾನ, ಶಿವಾಜಿ ಪಾರ್ಕ್ ಕಡೆ ಆಡಲು ಹೋಗುವ ನಮ್ಮ ಹುಡುಗರು ಕ್ಯಾಚ್ ಹಿಡಿಯಲು ಹೋಗಿ ಬೆರಳ ತುದಿಗೆ ಪೆಟ್ಟು ತಿಂದು ಬರುವುದು ಹೊಸದೇನಲ್ಲ. ಮನೆಯಲ್ಲಿ ಐಸ್ ಇಡುತ್ತಾರೆ. ಊತ ಇಳಿಯದಿದ್ದರೆ ಎಕ್ಸ್‌ರೇ. "ಫ್ರ್ಯಾಕ್ಚರ್ ಏನೂ ಇಲ್ಲ" ಅಂದ ಕೂಡಲೇ ಎಲ್ಲರಿಗೂ ಸಮಾಧಾನ. ತಿಂಗಳು ಕಳೆದರೂ ಬೆರಳ ತುದಿ ಬಗ್ಗಿಯೇ ಇರುತ್ತದೆ. ಆಗ ಗಾಬರಿ.

ಎಕ್ಸ್‌ರೇ ಸುಳ್ಳು ಹೇಳಿರುವುದಿಲ್ಲ. ಅದು ಮೂಳೆಯನ್ನಷ್ಟೇ ತೋರಿಸುತ್ತದೆ. ಬೆರಳಿನ ಕೆಲಸ ನಡೆಯುವುದು ಹೆಚ್ಚಾಗಿ ಮೂಳೆಯ ಸುತ್ತ ಇರುವ ಹುರಿ, ಪಟ್ಟಿ, ಹೊದಿಕೆಗಳಿಂದ. ಅವು ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ. ಹಾಗಾಗಿ ಬೆರಳಿನ ಗೆಣ್ಣು ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪವಾದರೂ ಗೊತ್ತಿದ್ದರೆ, ಪೆಟ್ಟಾದಾಗ ಏನು ನೋಡಬೇಕು, ಏನು ಕೇಳಬೇಕು ಅನ್ನುವುದೂ ಗೊತ್ತಾಗುತ್ತದೆ. ಓದುತ್ತಾ ನಿಮ್ಮ ಕೈಯನ್ನೇ ಮುಂದಿಟ್ಟುಕೊಳ್ಳಿ. ಇದಕ್ಕಿಂತ ಒಳ್ಳೆಯ ಚಿತ್ರ ಬೇರೆ ಇಲ್ಲ.

ಒಂದು ಕೈಯಲ್ಲಿ 27 ಮೂಳೆಗಳಿವೆ. ಮಣಿಕಟ್ಟಿನಲ್ಲಿ 8, ಅಂಗೈಯಲ್ಲಿ 5, ಬೆರಳುಗಳಲ್ಲಿ 14. ಹೆಬ್ಬೆರಳಿಗೆ ಎರಡು, ಉಳಿದ ನಾಲ್ಕಕ್ಕೆ ಮೂರು ಮೂರು. ಅಂದರೆ ಹೆಬ್ಬೆರಳು ಬಿಟ್ಟರೆ ಪ್ರತಿ ಬೆರಳಿಗೂ ಮೂರು ಗೆಣ್ಣು. ಅವನ್ನು ಇಲ್ಲಿ ಬುಡದ ಗೆಣ್ಣು, ನಡು ಗೆಣ್ಣು, ತುದಿ ಗೆಣ್ಣು ಅಂತಲೇ ಕರೆಯೋಣ.

ಈಗ ಬುಡದ ಗೆಣ್ಣು ಎಲ್ಲಿದೆ ಅಂತ ತೋರಿಸಿ ನೋಡೋಣ. ಅಂಗೈ ಕಡೆ ಬೆರಳು ಶುರುವಾಗುವಲ್ಲಿ ಒಂದು ಗೆರೆ ಇದೆ ಅಲ್ವಾ, ಹೆಚ್ಚಿನವರು ಅದನ್ನೇ ಮುಟ್ಟುತ್ತಾರೆ. ಕೀಲು ಅಲ್ಲಿಲ್ಲ. ಮುಷ್ಟಿ ಕಟ್ಟಿ ಹಿಂಬದಿಯಿಂದ ನೋಡಿ. ಉಬ್ಬಿ ನಿಂತಿರುವ ಗೆಣ್ಣು ಆ ಗೆರೆಗಿಂತ ಎಷ್ಟೋ ಹಿಂದಿದೆ. ಅಂಗೈ ಕಡೆಯಿಂದ ಹೇಳುವುದಾದರೆ, ಕೈ ನೋಡಿ ಭವಿಷ್ಯ ಹೇಳುವವರು ಹೃದಯರೇಖೆ ಅನ್ನುತ್ತಾರಲ್ಲ, ಸುಮಾರು ಅದರ ನೇರಕ್ಕೆ. ಆ ಗೆರೆ ಮೂಡಿರುವುದೂ ಗೆಣ್ಣು ಅಲ್ಲಿ ಮಡಚುವುದರಿಂದಲೇ. ಬೆರಳು ನಾವು ಅಂದುಕೊಂಡಿದ್ದಕ್ಕಿಂತ ಉದ್ದ. ಅದರ ಒಂದು ಭಾಗ ಅಂಗೈಯ ಚರ್ಮದೊಳಗೆ ಅಡಗಿದೆ.

ಇನ್ನೊಂದು ಸಂಗತಿ ನನಗೆ ಎಷ್ಟು ಸಲ ಓದಿದರೂ ಸೋಜಿಗವೇ. ಬೆರಳನ್ನು ಮಡಚುವ, ಬಿಡಿಸುವ ಮಾಂಸಖಂಡ ಒಂದೂ ಬೆರಳಿನೊಳಗೆ ಇಲ್ಲ. ಬಲ ಹೆಚ್ಚಾಗಿ ಬರುವುದು ಮುಂಗೈಯಿಂದ. ಎಡಗೈಯಿಂದ ಬಲ ಮುಂಗೈಯನ್ನು ಮೊಣಕೈ ಕೆಳಗೆ ಹಿಡಿದುಕೊಂಡು ಬೆರಳು ಆಡಿಸಿ. ಚರ್ಮದಡಿ ಮಾಂಸ ಅಲುಗಾಡುವುದು ಗೊತ್ತಾಗುತ್ತದೆ. ಅಲ್ಲಿಂದ ಹೊರಟ ಗಟ್ಟಿ ಹುರಿಗಳು ಮಣಿಕಟ್ಟು ದಾಟಿ, ಅಂಗೈ ದಾಟಿ ಬೆರಳ ತನಕ ಬರುತ್ತವೆ. ಇವಕ್ಕೆ ಟೆಂಡನ್ ಅನ್ನುತ್ತಾರೆ.

ಮಡಚುವ ಕೆಲಸಕ್ಕೆ ಪ್ರತಿ ಬೆರಳಿಗೂ ಎರಡು ಟೆಂಡನ್. ಮೇಲಿನದು ನಡು ಮೂಳೆಯವರೆಗೆ ಬಂದು ಅಂಟಿಕೊಳ್ಳುತ್ತದೆ, ನಡು ಗೆಣ್ಣನ್ನು ಮಡಚುತ್ತದೆ. ಆಳದ್ದು ತುದಿ ಮೂಳೆಯವರೆಗೆ ಹೋಗುತ್ತದೆ. ಆದರೆ ಆಳದಲ್ಲಿರುವುದು ಮುಂದೆ ಹೋಗಬೇಕಾದರೆ ಮೇಲಿರುವುದನ್ನು ದಾಟಲೇಬೇಕು. ಅದಕ್ಕೆ ಮೇಲಿನ ಟೆಂಡನ್ ಎರಡಾಗಿ ಸೀಳಿಕೊಂಡು ದಾರಿ ಬಿಡುತ್ತದೆ. ಆಳದ್ದು ಆ ಸಂದಿಯಲ್ಲಿ ನುಸುಳಿ ತುದಿಗೆ ಹೋಗುತ್ತದೆ. 18ನೇ ಶತಮಾನದ ಡಚ್ ಅಂಗರಚನಾ ತಜ್ಞ ಪೀಟರ್ ಕ್ಯಾಂಪರ್ ಹೆಸರು ಈ ಜಾಗಕ್ಕೆ ಇವತ್ತಿಗೂ ಉಳಿದಿದೆ.

ಎರಡೂ ಬೇರೆ ಬೇರೆ ಅನ್ನುವುದನ್ನು ಕೂತಲ್ಲೇ ಪರೀಕ್ಷಿಸಬಹುದು. ಎಡಗೈಯಿಂದ ಬಲಗೈಯ ತೋರುಬೆರಳು, ಉಂಗುರಬೆರಳು, ಕಿರುಬೆರಳು ಮೂರನ್ನೂ ನೆಟ್ಟಗೆ ಒತ್ತಿ ಹಿಡಿದುಕೊಳ್ಳಿ. ಈಗ ನಡುಬೆರಳು ಒಂದನ್ನೇ ಮಡಚಿ. ನಡು ಗೆಣ್ಣು ಮಡಚುತ್ತದೆ. ತುದಿಯನ್ನು ಅಲ್ಲಾಡಿಸಿ ನೋಡಿ, ಜೀವವೇ ಇಲ್ಲದ ಹಾಗೆ ಜೋತಾಡುತ್ತದೆ. ಆಳದ ಟೆಂಡನ್‌ಗಳು ಮುಂಗೈಯಲ್ಲಿ ಬಹುಮಟ್ಟಿಗೆ ಒಂದೇ ಮಾಂಸಖಂಡವನ್ನು ಹಂಚಿಕೊಂಡಿವೆ. ಪಕ್ಕದ ಬೆರಳುಗಳನ್ನು ಕಟ್ಟಿ ಹಾಕಿದರೆ ಇದೂ ಎಳೆಯಲಾರದು. ಆಗ ಕೆಲಸ ಮಾಡುವುದು ಮೇಲಿನ ಟೆಂಡನ್ ಮಾತ್ರ. ವೈದ್ಯರು ಇದನ್ನೇ ಪರೀಕ್ಷೆಯಾಗಿ ಬಳಸುತ್ತಾರೆ. ಗಾಜು ತಾಗಿ, ಚಾಕು ಜಾರಿ ಬೆರಳಿನ ಒಳಬದಿಗೆ ಗಾಯವಾದರೆ ಚರ್ಮದ ಮೇಲೆ ಸಣ್ಣ ಗೀರು ಕಾಣಬಹುದು. ಒಳಗೆ ಒಂದು ಟೆಂಡನ್ ಪೂರ್ತಿ ಕತ್ತರಿಸಿರಬಹುದು. ಹೊಲಿಗೆ ಹಾಕಿಸುವ ಮೊದಲು ಎರಡು ಗೆಣ್ಣನ್ನೂ ಬೇರೆ ಬೇರೆಯಾಗಿ ಮಡಚಿ ನೋಡಿದರೋ ಇಲ್ಲವೋ ಅಂತ ಗಮನಿಸಿ. ನೋಡದಿದ್ದರೆ ಸಂಕೋಚ ಬೇಡ, ಕೇಳಿ.

ಈಗ ಗೆಣ್ಣುಗಳ ಆಕಾರಕ್ಕೆ ಬರೋಣ. ನಡು ಮತ್ತು ತುದಿ ಗೆಣ್ಣು ಒಂದೇ ದಿಕ್ಕಿನಲ್ಲಿ ಆಡುತ್ತವೆ. ನಡು ಗೆಣ್ಣು ಸುಮಾರು 100 ಡಿಗ್ರಿ ಮಡಚುತ್ತದೆ, ತುದಿ ಗೆಣ್ಣು 70–80. ಬುಡದ ಗೆಣ್ಣು ಹಾಗಲ್ಲ. ಅದು ಮಡಚುತ್ತದೆ, ಪಕ್ಕಕ್ಕೂ ಹೋಗುತ್ತದೆ. ಆದರೆ ಯಾವಾಗಲೂ ಅಲ್ಲ. ಬೆರಳು ನೀಡಿ ಅಗಲಿಸಿ. ಆರಾಮಾಗಿ ಆಗುತ್ತದೆ. ಈಗ ಬುಡದ ಗೆಣ್ಣನ್ನು 90 ಡಿಗ್ರಿ ಮಡಚಿ ಅಗಲಿಸಲು ನೋಡಿ. ಆಗುವುದಿಲ್ಲ.

ಇದರ ಗುಟ್ಟು ಇಷ್ಟೇ. ಅಂಗೈ ಮೂಳೆಯ ತಲೆ ಪೂರ್ತಿ ದುಂಡಗಿಲ್ಲ. ಅಂಗೈ ಕಡೆಗೆ ಸ್ವಲ್ಪ ಜಾಸ್ತಿ ಉಬ್ಬಿದೆ, ಅಗಲವೂ ಹೆಚ್ಚು. ಗೆಣ್ಣಿನ ಎರಡೂ ಪಕ್ಕದಲ್ಲಿ ಲಿಗಮೆಂಟ್ ಎಂಬ ಪಟ್ಟಿಗಳಿವೆ. ಬೆರಳು ನೆಟ್ಟಗಿದ್ದಾಗ ಅವು ಸಡಿಲ. ಮಡಚಿದರೆ ಆ ಉಬ್ಬನ್ನು ಬಳಸಿ ಹೋಗಬೇಕಾಗಿ ಬಿಗಿಯಾಗುತ್ತವೆ. ಹಾಗಾಗಿ ಕೈ ಚಾಚಿದಾಗ ಬೆರಳು ಯಾವ ಆಕಾರದ ವಸ್ತುವಿಗೂ ಹೊಂದಿಕೊಳ್ಳುತ್ತದೆ, ಹಿಡಿದ ಮೇಲೆ ಅಲುಗಾಡುವುದಿಲ್ಲ. ವಿರಾರ್ ಲೋಕಲ್‌ನಲ್ಲಿ ಹಿಡಿಕೆ ಹಿಡಿದು ನಿಂತಾಗ, ಬ್ರೇಕ್ ಬಿದ್ದು ಗಾಡಿ ಕುಲುಕಿದರೂ ಬೆರಳು ಪಕ್ಕಕ್ಕೆ ಜಾರದಿರುವುದಕ್ಕೆ ಈ ಬಿಗಿಯೂ ಒಂದು ಕಾರಣ.

ಇದು ಬರೀ ತಿಳಿದುಕೊಳ್ಳಲಿಕ್ಕೆ ಚೆಂದ ಅನ್ನುವ ವಿಷಯವಲ್ಲ. ಸಡಿಲವಾಗಿ ಬಿಟ್ಟ ಲಿಗಮೆಂಟ್ ವಾರಗಟ್ಟಲೆ ಅಲುಗಾಡದಿದ್ದರೆ ಕುಗ್ಗಿ ಗಿಡ್ಡವಾಗುತ್ತದೆ. ಬೆರಳನ್ನು ನೆಟ್ಟಗಿಟ್ಟು ಪ್ಲಾಸ್ಟರ್ ಹಾಕಿದರೆ, ತೆಗೆದ ಮೇಲೆ ಬುಡದ ಗೆಣ್ಣು ಮಡಚುವುದೇ ಇಲ್ಲ. ನಡು ಗೆಣ್ಣಿನ ಕತೆ ಇದಕ್ಕೆ ಉಲ್ಟಾ. ಅದರ ಅಂಗೈ ಬದಿಯಲ್ಲಿ ದಪ್ಪನೆಯ ಒಂದು ಹಲಗೆ ಇದೆ, ವೋಲಾರ್ ಪ್ಲೇಟ್ ಅಂತ. ಬೆರಳು ಹಿಂದಕ್ಕೆ ಬಾಗದಂತೆ ತಡೆಯುವುದು ಅದರ ಕೆಲಸ. ಬೆರಳು ಮಡಚಿಟ್ಟರೆ ಅದು ಮುದುಡಿ ಅಂಟಿಕೊಳ್ಳುತ್ತದೆ, ಆಮೇಲೆ ಬೆರಳು ನೆಟ್ಟಗಾಗುವುದಿಲ್ಲ. ಅದಕ್ಕೇ ಕೈಯ ಗಾಯಗಳಿಗೆ ಪಟ್ಟಿ ಹಾಕುವಾಗ ಸಾಮಾನ್ಯವಾಗಿ ಬುಡದ ಗೆಣ್ಣನ್ನು ಮಡಚಿ, ನಡು ಮತ್ತು ತುದಿ ಗೆಣ್ಣನ್ನು ನೆಟ್ಟಗೆ ಇಡುತ್ತಾರೆ. ನೋಡಲು ವಿಚಿತ್ರ ಭಂಗಿ. ಅದರ ಹಿಂದಿರುವುದು ಈ ಲೆಕ್ಕ.

ಟೆಂಡನ್ ಬಗ್ಗೆ ಹೇಳುವುದು ಇನ್ನೂ ಮುಗಿದಿಲ್ಲ. ಬೆರಳು ಮಡಚಿದಾಗ ಒಳಗಿನ ಹುರಿ ಬಿಲ್ಲಿನ ಹೆದೆಯ ಹಾಗೆ ಮೂಳೆಯಿಂದ ದೂರ ಎದ್ದು ನಿಲ್ಲಬೇಕಿತ್ತು. ನಿಲ್ಲುವುದಿಲ್ಲ. ಹುರಿಯನ್ನು ಮೂಳೆಗೆ ಒತ್ತಿ ಹಿಡಿಯುವ ಬಳೆಗಳು ಬೆರಳುದ್ದಕ್ಕೂ ಇವೆ. ಇವಕ್ಕೆ ಪುಲ್ಲಿ ಅನ್ನುತ್ತಾರೆ. ಉಂಗುರದಂಥವು ಐದು, ಅವುಗಳ ನಡುವೆ ಅಡ್ಡಡ್ಡ ಹೆಣೆದ ತೆಳು ಪಟ್ಟಿಗಳು ಮೂರು. ಐದರಲ್ಲಿ ಎರಡನೆಯದು ಮತ್ತು ನಾಲ್ಕನೆಯದು ಮುಖ್ಯ. ಎರಡನೆಯದು ಮೊದಲ ಮೂಳೆಯ ಮೇಲಿದೆ, ಉಂಗುರ ತೊಡುವ ಜಾಗದಲ್ಲೇ. ನಾಲ್ಕನೆಯದು ನಡು ಮೂಳೆಯ ಮೇಲೆ. ಇವು ಹರಿದರೆ ಹುರಿ ಎದ್ದು ನಿಲ್ಲುತ್ತದೆ. ಮುಂಗೈ ಎಷ್ಟೇ ಎಳೆದರೂ ಬೆರಳು ಪೂರ್ತಿ ಮಡಚುವುದಿಲ್ಲ.

ಹೀಗೆ ಹರಿಯುವುದು ಬಂಡೆ ಹತ್ತುವವರಲ್ಲಿ ಹೆಚ್ಚು. ಮುಂಬ್ರಾ, ಬೇಲಾಪುರ ಕಡೆ ರವಿವಾರ ಹತ್ತಲು ಹೋಗುವವರು ಗಮನಿಸಿ. ಬಂಡೆಯ ಕಿರಿದಾದ ಅಂಚನ್ನು ಬೆರಳ ತುದಿಯಲ್ಲಿ ಹಿಡಿದು, ನಡು ಗೆಣ್ಣನ್ನು ಜೋರಾಗಿ ಮಡಚಿ ಮೈಭಾರ ಹಾಕಿದಾಗ, ಹುರಿ ಎರಡನೆಯ ಪುಲ್ಲಿಯನ್ನು ಹೊರಕ್ಕೆ ತಳ್ಳುತ್ತದೆ. ಕೆಲವೊಮ್ಮೆ 'ಟಪ್' ಅನ್ನುವ ಸದ್ದು ಪಕ್ಕದವರಿಗೂ ಕೇಳಿಸುತ್ತದೆ. ಎಕ್ಸ್‌ರೇಯಲ್ಲಿ ಇಲ್ಲೂ ಏನೂ ಕಾಣುವುದಿಲ್ಲ. ಅಲ್ಟ್ರಾಸೌಂಡ್ ಮಾಡಿಸಿದರೆ ಕಾಣುತ್ತದೆ.

ಮೊದಲನೆಯ ಪುಲ್ಲಿಯ ತೊಂದರೆ ಬೇರೆ ರೀತಿಯದು. ಅದು ಬುಡದ ಗೆಣ್ಣಿನ ಮುಂದಿದೆ. ಅದು ದಪ್ಪಗಾದರೆ ಹುರಿ ಸಲೀಸಾಗಿ ಜಾರುವುದಿಲ್ಲ. ಬೆಳಿಗ್ಗೆ ಎದ್ದಾಗ ಬೆರಳು ಮಡಚಿಕೊಂಡೇ ಇರುತ್ತದೆ, ಬಿಡಿಸಿದರೆ 'ಟಕ್' ಅಂತ ಬಿಟ್ಟುಕೊಳ್ಳುತ್ತದೆ. ಟ್ರಿಗರ್ ಫಿಂಗರ್ ಅಂತಾರೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಜಾಸ್ತಿ. ಜನ ನಡು ಗೆಣ್ಣನ್ನು ತೋರಿಸಿ ನೋವು ಅನ್ನುತ್ತಾರೆ, ತೊಂದರೆ ಇರುವುದು ಅಂಗೈಯಲ್ಲಿ.

ಭಾರದ ಲೆಕ್ಕವನ್ನೂ ಒಮ್ಮೆ ನೋಡೋಣ. ಬೆರಳ ತುದಿಯಿಂದ ತುದಿ ಗೆಣ್ಣಿಗೆ ಸುಮಾರು 2 ಸೆಂ.ಮೀ. ಅದೇ ಗೆಣ್ಣಿನ ನಡುವಿನಿಂದ ಹುರಿಗೆ ಬರೀ 5 ಮಿ.ಮೀ. ಆಸುಪಾಸು. ತುದಿಯಿಂದ 1 ಕಿಲೋ ಬಲದಲ್ಲಿ ಒತ್ತಿದರೆ ಹುರಿ ಸುಮಾರು 4 ಕಿಲೋ ಎಳೆಯಬೇಕು. ಹುರಿ ಅಷ್ಟು ಎಳೆದರೆ ಗೆಣ್ಣಿನೊಳಗೆ ಮೂಳೆ ಮೂಳೆಯನ್ನು ಒತ್ತುವ ಬಲವೂ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಹೆಬ್ಬೆರಳಿನ ಬುಡದಲ್ಲಿ ಇದು ಇನ್ನೂ ಏರುತ್ತದೆ. ಚಿಟಿಕೆಯಲ್ಲಿ 1 ಕಿಲೋ ಒತ್ತಿದರೆ ಮಣಿಕಟ್ಟಿನ ಹತ್ತಿರದ ಬುಡದ ಕೀಲಿಗೆ ಸುಮಾರು 12 ಕಿಲೋ ಬೀಳುತ್ತದೆ ಅನ್ನುವುದು ಬಹಳ ಕಾಲದಿಂದ ಒಪ್ಪಿರುವ ಲೆಕ್ಕ. ಬಾಟಲಿ ಮುಚ್ಚಳ ತಿರುಗಿಸುವಾಗ, ಬಟ್ಟೆ ಹಿಂಡುವಾಗ ವಯಸ್ಸಾದ ಹೆಂಗಸರು ಹೆಬ್ಬೆರಳ ಬುಡ ಹಿಡಿದು "ಅಯ್ಯೋ" ಅನ್ನುವುದು ಸುಮ್ನೆ ಅಲ್ಲ. ದಾದರ್ ಮಾರ್ಕೆಟ್‌ನಿಂದ ತರಕಾರಿ ಚೀಲವನ್ನು ಎರಡು ಬೆರಳ ತುದಿಗೆ ಸಿಕ್ಕಿಸಿಕೊಂಡು ಬ್ರಿಡ್ಜ್ ಹತ್ತುವವರು ಅದನ್ನು ಬೆರಳ ಬುಡಕ್ಕೆ ತಳ್ಳಿಕೊಂಡರೆ, ಇಲ್ಲವೇ ಮುಂಗೈಗೆ ಹಾಕಿಕೊಂಡರೆ ಗೆಣ್ಣಿನ ಮೇಲಿನ ಹೊರೆ ನಿಜಕ್ಕೂ ಕಡಿಮೆಯಾಗುತ್ತದೆ.

ಇಲ್ಲಿಯವರೆಗೆ ಮುಂಗೈಯ ದೊಡ್ಡ ಮಾಂಸಖಂಡಗಳ ಮಾತಾಯಿತು. ಅಂಗೈಯೊಳಗೆ ಸಣ್ಣವೂ ಇವೆ. ಅವುಗಳ ಕೆಲಸ ನೋಡಬೇಕಾದರೆ ಊಟದ ಎಲೆ ಮುಂದೆ ಕೂರಬೇಕು. ಮಾಟುಂಗದಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ಇದೆ. ಅಲ್ಲಿ ಬಾಳೆ ಎಲೆ ಮೇಲೆ ಅನ್ನ ಸಾರು ಉಣ್ಣುವವರ ಕೈ ನೋಡಿ. ಕಲಸುವಾಗ ಬೆರಳು ಪೂರ್ತಿ ಮಡಚಿ ಬಿಡಿಸುತ್ತದೆ. ತುತ್ತು ಎತ್ತುವಾಗ ಹಾಗಲ್ಲ. ಬುಡದ ಗೆಣ್ಣು ಮಡಚಿರುತ್ತದೆ, ನಡು ಮತ್ತು ತುದಿ ಗೆಣ್ಣು ಹೆಚ್ಚುಕಡಿಮೆ ನೆಟ್ಟಗಿರುತ್ತವೆ. ನಾಲ್ಕೂ ಬೆರಳು ಸೇರಿ ಒಂದು ಇಳಿಜಾರು ಆಗುತ್ತದೆ, ಹೆಬ್ಬೆರಳು ಹಿಂದಿನಿಂದ ತಳ್ಳುತ್ತದೆ. ಒಂದೇ ಬೆರಳಲ್ಲಿ ಒಂದು ಗೆಣ್ಣು ಮಡಚಿ, ಮುಂದಿನವು ಬಿಡಿಸಿಕೊಂಡಿರುವುದು ಮುಂಗೈಯ ಉದ್ದ ಹುರಿಗಳಿಂದ ಮಾತ್ರ ಆಗುವ ಕೆಲಸವಲ್ಲ. ಅಂಗೈಯ ಈ ಸಣ್ಣ ಮಾಂಸಖಂಡಗಳು ಬುಡದ ಗೆಣ್ಣಿನ ಮುಂಭಾಗದಲ್ಲಿ ಹಾದು, ಆಮೇಲೆ ಬೆರಳಿನ ಬೆನ್ನ ಮೇಲಿನ ಹುರಿಗೆ ಸೇರಿಕೊಳ್ಳುತ್ತವೆ. ಅದಕ್ಕೇ ಅವು ಎಳೆದಾಗ ಬುಡ ಮಡಚುತ್ತದೆ, ಮುಂದಿನದು ನೀಡುತ್ತದೆ. ಇವುಗಳಲ್ಲಿ ಲಂಬ್ರಿಕಲ್ ಎಂಬ ಜಾತಿ ಇನ್ನೂ ವಿಶೇಷ. ಅದು ಯಾವ ಮೂಳೆಯಿಂದಲೂ ಹೊರಡುವುದಿಲ್ಲ. ಮಡಚುವ ಆಳದ ಟೆಂಡನ್ ಮೇಲೆಯೇ ಹುಟ್ಟಿ, ಬಿಡಿಸುವ ಹುರಿಗೆ ಹೋಗಿ ಸೇರುತ್ತದೆ.

ಈ ಸಣ್ಣ ಮಾಂಸಖಂಡಗಳು ಸೋತರೆ ಕೈ ಹೇಗಾಗುತ್ತದೆ ಅನ್ನುವುದನ್ನು ಮಾಟುಂಗ–ವಡಾಲಾದ ಹಳಬರು ಕಂಡಿರುತ್ತಾರೆ. 1890ರಲ್ಲಿ ಶುರುವಾದ ಆಕ್‌ವರ್ತ್ ಕುಷ್ಠರೋಗ ಆಸ್ಪತ್ರೆ ಇರುವುದು ಅಲ್ಲೇ. ಮೊಣಕೈ ಒಳಬದಿಗೆ ಏನಾದರೂ ತಾಗಿದರೆ ಕಿರುಬೆರಳವರೆಗೆ ಜುಂ ಅನ್ನುತ್ತದಲ್ಲ, ಆ ನರವೇ ಈ ಮಾಂಸಖಂಡಗಳಲ್ಲಿ ಹೆಚ್ಚಿನವನ್ನು ನಡೆಸುವುದು. ಕುಷ್ಠರೋಗ ಆ ನರವನ್ನು ಕೆಡಿಸುತ್ತದೆ. ಆಗ ಬುಡದ ಗೆಣ್ಣು ಹಿಂದಕ್ಕೆ ಬಾಗಿ, ನಡು ಗೆಣ್ಣು ಮಡಚಿ ಕೈ ಉಗುರು ಚಾಚಿದ ಆಕಾರಕ್ಕೆ ಬರುತ್ತದೆ. ಮುಷ್ಟಿ ಕಟ್ಟುವ ಬಲ ಇನ್ನೂ ಇರುತ್ತದೆ. ಆದರೆ ತುತ್ತು ಎತ್ತಲು ಆಗುವುದಿಲ್ಲ, ಲೋಟ ಹಿಡಿಯಲು ಬೆರಳು ತೆರೆದುಕೊಳ್ಳುವುದಿಲ್ಲ. 1940ರ ದಶಕದ ಕೊನೆಯಲ್ಲಿ ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಇದಕ್ಕೆ ಶಸ್ತ್ರಚಿಕಿತ್ಸೆ ಮಾಡತೊಡಗಿದರು. ಕೆಲಸ ಮಾಡುತ್ತಿರುವ ಒಂದು ಟೆಂಡನ್ನನ್ನು ತಂದು ಸೋತ ಮಾಂಸಖಂಡದ ದಾರಿಗೆ ಜೋಡಿಸುವುದು ಅದರ ಕ್ರಮ. ಮುಂಬೈಯಲ್ಲಿ ಜೆ.ಜೆ. ಆಸ್ಪತ್ರೆಯ ಪ್ಲಾಸ್ಟಿಕ್ ಸರ್ಜನ್ ಡಾ. ನೋಶಿರ್ ಆಂಟಿಯಾ ಕುಷ್ಠರೋಗಿಗಳ ಕೈ, ಮುಖ ಸರಿಪಡಿಸುವ ಕೆಲಸಕ್ಕೆ ವರ್ಷಗಟ್ಟಲೆ ದುಡಿದರು. ಇವರೆಲ್ಲ ಹುರಿಯ ದಾರಿಯನ್ನು ಎಷ್ಟು ಚೆನ್ನಾಗಿ ಅರಿತಿದ್ದರೋ ಅಷ್ಟರಿಂದಲೇ ಎಷ್ಟೋ ಜನ ಮತ್ತೆ ತಮ್ಮ ಕೈಯಾರೆ ಉಣ್ಣುವಂತಾಯಿತು.

ನೆಟಿಕೆ ವಿಷಯ ಬೇಗ ಮುಗಿಸುತ್ತೇನೆ, ಯಾಕೆಂದರೆ ಎಲ್ಲರೂ ಕೇಳುವುದು ಅದನ್ನೇ. ಅಜ್ಜಿ ದೃಷ್ಟಿ ತೆಗೆದು ನೆಟಿಕೆ ಮುರಿಯುವಾಗ ಮೂಳೆಗೆ ಮೂಳೆ ತಾಗಿ ಸದ್ದಾಗುವುದಲ್ಲ. ಗೆಣ್ಣನ್ನು ಎಳೆದಾಗ ಒಳಗಿನ ದ್ರವದಲ್ಲಿ ಒತ್ತಡ ಇಳಿದು ಗಾಳಿಯ ಗುಳ್ಳೆ ಮೂಡುತ್ತದೆ. 2015ರಲ್ಲಿ ಕೆನಡಾದ ಸಂಶೋಧಕರು ಇದನ್ನು ಎಂಆರ್‌ಐಯಲ್ಲಿ ಸೆರೆಹಿಡಿದರು. ಒಮ್ಮೆ ಮುರಿದ ಗೆಣ್ಣು ಮತ್ತೆ ಸದ್ದು ಮಾಡಲು ಸುಮಾರು 20 ನಿಮಿಷ ಬೇಕು. ಸಂಧಿವಾತ ಬರುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಅಮೆರಿಕದ ಡೊನಾಲ್ಡ್ ಅಂಗರ್ ಎಂಬ ವೈದ್ಯರು 60 ವರ್ಷ ಎಡಗೈ ನೆಟಿಕೆ ಮಾತ್ರ ಮುರಿದು ಎರಡೂ ಕೈ ಹೋಲಿಸಿದರು. ವ್ಯತ್ಯಾಸ ಕಾಣಲಿಲ್ಲ. ಆದರೆ ನೋವಿನ ಜೊತೆ ಸದ್ದು ಬಂದರೆ ತೋರಿಸಬೇಕು. ಹಾಗೆಯೇ ಊತ ಯಾವ ಗೆಣ್ಣಿಗೆ ಬಂದಿದೆ ಅನ್ನುವುದೂ ಮುಖ್ಯ. ವಯಸ್ಸಿನ ಸವೆತ ಸಾಮಾನ್ಯವಾಗಿ ತುದಿ ಗೆಣ್ಣು ಮತ್ತು ಹೆಬ್ಬೆರಳ ಬುಡ ಹಿಡಿಯುತ್ತದೆ. ರುಮಟಾಯ್ಡ್ ಎಂಬ ವಾತ ಬುಡ ಮತ್ತು ನಡು ಗೆಣ್ಣಿಗೆ ಬರುತ್ತದೆ, ತುದಿಯನ್ನು ಹೆಚ್ಚಾಗಿ ಬಿಡುತ್ತದೆ. ಬೆಳಿಗ್ಗೆ ಎದ್ದು ಗಂಟೆಗಟ್ಟಲೆ ಕೈ ಬಿಗಿಯಾಗಿದ್ದರೆ ಎರಡನೆಯದರ ಅನುಮಾನ ಹೆಚ್ಚು. ಅದಕ್ಕೆ ಬೇಗ ಮದ್ದು ಶುರುಮಾಡಿದರೆ ಗೆಣ್ಣು ಉಳಿಯುತ್ತದೆ.

ಮತ್ತೆ ಮೈದಾನಕ್ಕೆ. ಚೆಂಡು ತುದಿಗೆ ಬಡಿದು ಬೆರಳ ತುದಿ ಬಗ್ಗಿ ನಿಂತಿದ್ದರೆ, ಬೆನ್ನ ಮೇಲಿನ ಹುರಿ ತುದಿ ಮೂಳೆಯಿಂದ ಕಿತ್ತಿದೆ. ಕೆಲವೊಮ್ಮೆ ಮೂಳೆಯ ಚೂರೊಂದು ಕಿತ್ತು ಬಂದು ಎಕ್ಸ್‌ರೇಯಲ್ಲಿ ಕಾಣುತ್ತದೆ, ಎಷ್ಟೋ ಸಲ ಕಾಣುವುದಿಲ್ಲ. ಹೆಚ್ಚಿನವರಿಗೆ ಆಪರೇಷನ್ ಬೇಡ. ತುದಿ ಗೆಣ್ಣನ್ನು ಮಾತ್ರ ನೆಟ್ಟಗೆ ಹಿಡಿಯುವ ಪಟ್ಟಿ, 6ರಿಂದ 8 ವಾರ, ಹಗಲು ರಾತ್ರಿ. ಕೈ ತೊಳೆಯಲು ಪಟ್ಟಿ ತೆಗೆದರೂ ತುದಿಯನ್ನು ಮೇಜಿಗೆ ಒತ್ತಿ ಹಿಡಿದಿರಬೇಕು. ನಡುವೆ ಒಮ್ಮೆ ಬಗ್ಗಿದರೂ ಕೂಡಿಕೊಳ್ಳುತ್ತಿದ್ದ ಹುರಿ ಬಿಟ್ಟುಕೊಂಡು, ವಾರಗಳ ಎಣಿಕೆ ಮತ್ತೆ ಒಂದರಿಂದ. ಹುಡುಗರಿಗೆ ಇದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ ಅನ್ನುವುದೇ ನನ್ನ ಬೇಸರ.

ಕಬಡ್ಡಿಯಲ್ಲಿ ಎದುರಾಳಿಯ ಜೆರ್ಸಿ ಹಿಡಿದಾಗ ಆಗುವುದು ಇನ್ನೊಂದು. ಅವನು ಕೊಸರಿಕೊಂಡು ಓಡುತ್ತಾನೆ, ಮಡಚಿದ್ದ ಬೆರಳು ಬಲವಂತವಾಗಿ ಬಿಚ್ಚಿಕೊಳ್ಳುತ್ತದೆ. ಆಳದ ಟೆಂಡನ್ ತುದಿಯಿಂದ ಕಿತ್ತು, ಕೆಲವೊಮ್ಮೆ ಅಂಗೈವರೆಗೆ ಹಿಂದೆ ಸರಿದುಬಿಡುತ್ತದೆ. ಹೆಚ್ಚಾಗಿ ಉಂಗುರಬೆರಳಿಗೆ. ಬೆರಳು ನೆಟ್ಟಗೇ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ತುದಿ ಗೆಣ್ಣೊಂದನ್ನೇ ಮಡಚಲು ಹೇಳಿ. ಆಗದಿದ್ದರೆ ಕೈ ಸರ್ಜನ್ ಹತ್ತಿರ ಅದೇ ವಾರ ಹೋಗಬೇಕು. ತಡವಾದರೆ ಹುರಿ ಕುಗ್ಗಿ, ಹಿಂದಿನ ಜಾಗಕ್ಕೆ ಎಳೆದು ಕೂಡಿಸುವುದು ಕಷ್ಟ.

ಮೂರನೆಯದು ನಡು ಗೆಣ್ಣಿನ ಬೆನ್ನಿಗೆ ಬೀಳುವ ಪೆಟ್ಟು. ಬಿಡಿಸುವ ಹುರಿ ಅಲ್ಲಿ ನಡುವಿಗೊಂದು, ಎರಡು ಪಕ್ಕಕ್ಕೆ ಒಂದೊಂದು ಅಂತ ಕವಲೊಡೆದಿದೆ. ನಡು ಹುರಿ ಹರಿದರೂ ಮೊದಲ ದಿನಗಳಲ್ಲಿ ಬೆರಳು ನೀಡಬಹುದು, ಪಕ್ಕದ ಹುರಿಗಳು ಕೆಲಸ ಸಾಗಿಸುತ್ತವೆ. ಒಂದೆರಡು ವಾರದಲ್ಲಿ ಅವೂ ಕೆಳಗೆ ಜಾರಿ ನಡು ಗೆಣ್ಣು ಮಡಚಿಕೊಳ್ಳುತ್ತದೆ, ತುದಿ ಮೇಲಕ್ಕೆ ಏಳುತ್ತದೆ. ಇದನ್ನು ಮೊದಲೇ ಹಿಡಿಯುವ ಉಪಾಯವೊಂದಿದೆ. ನಡು ಗೆಣ್ಣನ್ನು ಮೇಜಿನ ಅಂಚಿಗೆ 90 ಡಿಗ್ರಿ ಮಡಚಿಟ್ಟು, ನಡು ಮೂಳೆಯನ್ನು ಇನ್ನೊಬ್ಬರು ಒತ್ತಿ ಹಿಡಿದು, ನೀಡಲು ಹೇಳಬೇಕು. ಹುರಿ ಸರಿಯಿದ್ದರೆ ತುದಿ ಸಡಿಲವಾಗಿರುತ್ತದೆ. ತುದಿ ಗಟ್ಟಿಯಾಗಿ ನೆಟ್ಟಗಾದರೆ ನಡು ಹುರಿ ಹರಿದಿದೆ ಅಂತ ಅರ್ಥ.

ಯಾವ ಪೆಟ್ಟೇ ಆಗಲಿ, ಕೂಡಿಕೊಂಡ ಮೇಲೆ ಉಳಿಯುವ ತೊಂದರೆ ಬಿಗಿತ. ಮುಂಬೈಯ ಕೈ ಸರ್ಜನ್ ಡಾ. ಬಿ.ಬಿ. ಜೋಶಿ ರೂಪಿಸಿದ, 'ಜೆಸ್' ಅಂತ ಎಲ್ಲರೂ ಕರೆಯುವ ಹೊರಗಿನ ಚೌಕಟ್ಟು ಸಣ್ಣ ಗೆಣ್ಣುಗಳಿಗೂ ಬಳಕೆಯಲ್ಲಿದೆ. ತೆಳು ತಂತಿಗಳಿಂದ ಮೂಳೆ ಹಿಡಿದು, ಬಿಗಿದ ಕೀಲನ್ನು ಹೊರಗಿನಿಂದ ನಿಧಾನವಾಗಿ ಬಿಡಿಸುತ್ತಾ ಹೋಗಬಹುದು. ಅಷ್ಟರ ತನಕ ಹೋಗದಿರಲು ಫಿಸಿಯೋಥೆರಪಿಯವರು ಕೊಡುವ ವ್ಯಾಯಾಮ ಬಹಳ ಸರಳ. ಪಟ್ಟಿ ತೆಗೆದ ಮೇಲೆ, ವೈದ್ಯರು ಒಪ್ಪಿದ ನಂತರ ಮಾತ್ರ. ಬೆರಳು ಪೂರ್ತಿ ನೀಡಿ. ಆಮೇಲೆ ಬುಡ ನೆಟ್ಟಗಿಟ್ಟು ನಡು ಮತ್ತು ತುದಿ ಮಾತ್ರ ಮಡಚಿ, ಕೊಕ್ಕೆಯ ಆಕಾರಕ್ಕೆ. ಮತ್ತೆ ನೀಡಿ ಮುಷ್ಟಿ. ಮತ್ತೆ ನೀಡಿ, ತುದಿ ನೆಟ್ಟಗಿಟ್ಟು ಬುಡ ಮತ್ತು ನಡು ಮಡಚಿ, ಬೆರಳು ಅಂಗೈಗೆ ಚಪ್ಪಟೆಯಾಗಿ ತಾಗುವಂತೆ. ಕೊಕ್ಕೆಯ ಭಂಗಿಯಲ್ಲಿ ಆಳದ ಟೆಂಡನ್ ಮೇಲಿನದಕ್ಕಿಂತ ಹೆಚ್ಚು ದೂರ ಜಾರುತ್ತದೆ, ಎರಡೂ ಒಂದಕ್ಕೊಂದು ಅಂಟಿಕೊಳ್ಳದಂತೆ ನೋಡಿಕೊಳ್ಳುವುದು ಅದೇ ಜಾರುವಿಕೆ. ಹಾಗಾಗಿ ಹೊತ್ತು ಕಡಿಮೆಯಿದ್ದರೆ ಉಳಿದದ್ದನ್ನು ಬಿಟ್ಟರೂ ಕೊಕ್ಕೆಯನ್ನು ಬಿಡಬೇಡಿ.